ಬಿರಡೆಯ ದುಡ್ಡಿನಲ್ಲಿ ಉಳಿದ ಕಾಡು: ಕಾರ್ಕ್ ಉದ್ಯಮದ ಲೆಕ್ಕಾಚಾರ

2025ರ ಆಗಸ್ಟ್ 21ರಂದು ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಯುರೋಪಿನಿಂದ ಅಮೆರಿಕಕ್ಕೆ ಹೋಗುವ ಬಹುಪಾಲು ಸರಕುಗಳ ಮೇಲೆ ಶೇ 15ರ ಸುಂಕ ಎಂದು ನಿಗದಿಯಾಯಿತು. ವಿನಾಯಿತಿ ದೊರೆತದ್ದು ಕೆಲವಕ್ಕೆ ಮಾತ್ರ: ವಿಮಾನಗಳು ಮತ್ತು ಅವುಗಳ ಬಿಡಿಭಾಗಗಳು, ಜೆನೆರಿಕ್ ಔಷಧಗಳು, ಹಾಗೂ ಅಮೆರಿಕದಲ್ಲಿ ಸಿಗದ ನೈಸರ್ಗಿಕ ಸಂಪನ್ಮೂಲಗಳು. ಈ ಕೊನೆಯ ಗುಂಪಿನಲ್ಲಿ ಹೆಸರು ಹಿಡಿದು ಹೇಳಿದ ಸರಕು ಒಂದೇ, ಕಾರ್ಕ್, ಅಂದರೆ ಕಾರ್ಕ್ ಓಕ್ ಮರದ ತೊಗಟೆ. ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಈ ವಿನಾಯಿತಿಯಿಂದ ಹೆಚ್ಚು ನೆಮ್ಮದಿ ಪಡೆದ ದೇಶ ಪೋರ್ಚುಗಲ್. ಅದರ ಕಾರ್ಕ್ ರಫ್ತಿನ ಮೌಲ್ಯ ಇತ್ತೀಚಿನ ವರ್ಷಗಳಲ್ಲಿ 100 ಕೋಟಿ ಯೂರೋಗಳಿಗಿಂತ ಮೇಲಿದೆ. ಫ್ರಾನ್ಸ್, ಸ್ಪೇನ್‌ಗಳ ಜೊತೆಗೆ ಅಮೆರಿಕವೂ ಅದರ ದೊಡ್ಡ ಗಿರಾಕಿ.

‘ಅಮೆರಿಕದಲ್ಲಿ ಸಿಗದು’ ಎಂಬ ಮಾತು ಬರೀ ರಾಜತಾಂತ್ರಿಕ ಔದಾರ್ಯವಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಯಂತ್ರಗಳ ಬೆಸುಗೆಗಳಲ್ಲಿ ಸೋರಿಕೆ ತಡೆಯುವ ಗ್ಯಾಸ್ಕೆಟ್‌ಗಳಿಂದ ಹಿಡಿದು ಶೀತಲಗೃಹಗಳ ಗೋಡೆಗಳವರೆಗೆ ಎಲ್ಲದಕ್ಕೂ ಕಾರ್ಕ್ ಬೇಕಾಗಿ, ಅದು ಸಮುದ್ರದಾಚೆಯಿಂದಲೇ ಬರಬೇಕಾದ ಪರಿಸ್ಥಿತಿಗೆ ಹೆದರಿದ ಅಮೆರಿಕ, ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳಲ್ಲಿ ಕಾರ್ಕ್ ಓಕ್ ಸಸಿಗಳನ್ನು ನೆಡಿಸಿತ್ತು. ಮರಗಳೇನೋ ಬದುಕಿದವು. ಆದರೆ ಅವು ತೊಗಟೆ ಕೊಡುವ ವಯಸ್ಸಿಗೆ ಬರುವಷ್ಟರಲ್ಲಿ ಯುದ್ಧ ಮುಗಿದು, ಗ್ಯಾಸ್ಕೆಟ್‌ಗೂ ಗೋಡೆಗೂ ಪ್ಲಾಸ್ಟಿಕ್ ಬಂದು, ಉದ್ಯಮ ಕಟ್ಟುವ ಕಾರಣವೇ ಇಲ್ಲವಾಗಿತ್ತು. ಇಂದು ನೆಟ್ಟವನು ಯಾವ ಮಾರುಕಟ್ಟೆಗೆ ಮಾರುತ್ತಾನೆ ಎಂಬುದು ಅವನಿಗೇ ತಿಳಿದಿರುವುದಿಲ್ಲ. ಕಾರ್ಕ್‌ನ ಆರ್ಥಿಕತೆಯಲ್ಲಿ ಉಳಿದೆಲ್ಲವೂ ಇದರ ಸುತ್ತಲೇ ತಿರುಗುತ್ತದೆ. ಸುಂಕದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದರೂ ಈ ಉದ್ಯಮದ ನಿಜವಾದ ತೊಡಕು ಇರುವುದು ಬೇರೆಡೆ: ಇಡೀ ಕಾಡಿನ ಖರ್ಚನ್ನು ಈವರೆಗೆ ಹೊತ್ತು ತಂದದ್ದು ಒಂದೇ ಒಂದು ವಸ್ತು, ತೊಗಟೆಯ ಒಂದೇ ತುಂಡಿನಿಂದ ಕೊರೆದ ವೈನ್ ಬಾಟಲಿಯ ಅಖಂಡ ಬಿರಡೆ. ಆ ಬಿರಡೆಯ ಸ್ಥಾನ ಈಗ ಸದ್ದಿಲ್ಲದೆ ಬದಲಾಗುತ್ತಿದೆ.

ಕಾರ್ಕ್ ಓಕ್ ಪಶ್ಚಿಮ ಮೆಡಿಟರೇನಿಯನ್ ಸೀಮೆಯ ಮರ. ಪೋರ್ಚುಗಲ್, ಸ್ಪೇನ್, ಮೊರಾಕೊ, ಅಲ್ಜೀರಿಯಾ, ಟುನೀಸಿಯಾ, ಇಟಲಿ, ಫ್ರಾನ್ಸ್ ಈ ಏಳು ದೇಶಗಳಲ್ಲಿ ಸೇರಿ ಸುಮಾರು 21 ಲಕ್ಷ ಹೆಕ್ಟೇರ್‌ಗಳಲ್ಲಿ ಹಬ್ಬಿದೆ. ಇದರಲ್ಲಿ ಪೋರ್ಚುಗಲ್‌ನ ಪಾಲು ಮೂರನೇ ಒಂದರಷ್ಟು, ಅಂದರೆ 7 ಲಕ್ಷ ಹೆಕ್ಟೇರ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಅರ್ಧದಷ್ಟು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಕಾರ್ಕ್ ತೆಗೆಯುವ ಈ ಜಗತ್ತಿನಲ್ಲಿ ಅಷ್ಟು ಚಿಕ್ಕ ದೇಶವೊಂದು ಯಜಮಾನಿಕೆ ನಡೆಸುತ್ತಿರುವುದಕ್ಕೆ ಮಣ್ಣು, ಹವೆಗಳಷ್ಟೇ ಕಾರಣವಲ್ಲ, ಕಾನೂನು ಮತ್ತು ಕಾರ್ಖಾನೆಗಳೂ ಕಾರಣ.

ಕಾನೂನಿನ ಕಟ್ಟು ಬಿಗಿಯಾಗಿದೆ. ನೆಲದಿಂದ 1.30 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 70 ಸೆಂಟಿಮೀಟರ್ ಆಗುವವರೆಗೆ ಮರದ ತೊಗಟೆ ಮುಟ್ಟುವಂತಿಲ್ಲ. ಆ ಗಾತ್ರಕ್ಕೆ ಬರಲು ಸಾಮಾನ್ಯವಾಗಿ 25 ವರ್ಷ ಬೇಕು. ಒಮ್ಮೆ ಸುಲಿದ ಮೇಲೆ ಕನಿಷ್ಠ 9 ವರ್ಷ ಬಿಡಬೇಕು. ಮೊದಲ ಸುಲಿತದ ತೊಗಟೆ ಒರಟು, ಬಿರುಕುಬಿಟ್ಟದ್ದು, ಬಿರಡೆಗೆ ಬಾರದು. ಎರಡನೆಯದೂ ಹೆಚ್ಚು ಕಡಿಮೆ ಹಾಗೆಯೇ. ಮೂರನೆಯ ಸುಲಿತದಲ್ಲಿ, ಅಂದರೆ ಮರಕ್ಕೆ 43 ವರ್ಷದ ಆಸುಪಾಸಿನಲ್ಲಿ, ಮೊದಲ ಬಾರಿಗೆ ಬಿರಡೆ ಕೊರೆಯಬಹುದಾದ ನಯವಾದ, ದಪ್ಪನೆಯ ತೊಗಟೆ ಸಿಗುತ್ತದೆ. ಅದಕ್ಕೆ ಪೋರ್ಚುಗೀಸರು ‘ಅಮಾಡಿಯಾ’ ಎನ್ನುತ್ತಾರೆ. ಒಟ್ಟು 150ರಿಂದ 200 ವರ್ಷ ಬದುಕುವ ಮರ ಅಲ್ಲಿಂದಾಚೆಗೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಕೊಡುತ್ತಲೇ ಇರುತ್ತದೆ. ಲಿಸ್ಬನ್‌ನ ದಕ್ಷಿಣಕ್ಕೆ ಆಗ್ವಸ್ ದ ಮೌರಾದಲ್ಲಿರುವ, 1783ರಲ್ಲಿ ನೆಟ್ಟಿದ್ದೆಂದು ಹೇಳುವ ಒಂದು ಮರದಿಂದ 1991ರಲ್ಲಿ 1,200 ಕಿಲೋ ತೊಗಟೆ ತೆಗೆದಿದ್ದರು. ಸಾಮಾನ್ಯ ಮರವೊಂದು ಒಂದು ಸುಲಿತಕ್ಕೆ ಕೊಡುವುದು 40ರಿಂದ 60 ಕಿಲೋ.

ಇದರ ಅರ್ಥವನ್ನು ಬಡ್ಡಿಯ ಲೆಕ್ಕದಲ್ಲಿ ನೋಡಬೇಕು. ಸಸಿ ನೆಡಲು ಇಂದು ಹಾಕಿದ 1 ಯೂರೋವನ್ನು ವರ್ಷಕ್ಕೆ ಶೇ 4ರ ಚಕ್ರಬಡ್ಡಿಗೆ ಇಟ್ಟಿದ್ದರೆ 43 ವರ್ಷಗಳಲ್ಲಿ ಅದು ಸುಮಾರು 5.4 ಯೂರೋ ಆಗಿರುತ್ತಿತ್ತು. ಮೊದಲ ಒಳ್ಳೆಯ ಬೆಳೆ ಅಷ್ಟನ್ನು ತರದಿದ್ದರೆ ನೆಟ್ಟವನಿಗೆ ನಷ್ಟ. ನಡುವಿನ ಬರ, ಬೆಂಕಿ, ರೋಗ, ಬೆಲೆ ಕುಸಿತಗಳನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಆದ್ದರಿಂದ ಬೆಲೆ ಏರಿದಾಗ ರೈತ ಹೆಚ್ಚು ಬೆಳೆಯುತ್ತಾನೆ, ಇಳಿದಾಗ ಬೇರೆ ಬೆಳೆಗೆ ಹೋಗುತ್ತಾನೆ ಎಂಬ ಪಠ್ಯಪುಸ್ತಕದ ಮಾತು ಇಲ್ಲಿ ನಡೆಯುವುದಿಲ್ಲ. ಈ ವರ್ಷ ಮಾರುಕಟ್ಟೆಗೆ ಬರುವ ತೊಗಟೆಯ ಪ್ರಮಾಣವನ್ನು ನಿರ್ಧರಿಸಿದವರು ಬಹುತೇಕ ತೀರಿಹೋಗಿದ್ದಾರೆ. ಬದುಕಿರುವ ಮಾಲೀಕನ ಕೈಯಲ್ಲಿರುವ ಸ್ವಾತಂತ್ರ್ಯ ಬಹಳ ಚಿಕ್ಕದು: ಒಂಬತ್ತನೇ ವರ್ಷ ಸುಲಿಸುವುದೋ, ಬೆಲೆ ಚೆನ್ನಾಗಿಲ್ಲವೆಂದು ಹತ್ತು ಹನ್ನೊಂದಕ್ಕೆ ಮುಂದೂಡುವುದೋ, ಅಷ್ಟೆ.

ಸುಗ್ಗಿ ಮೇ ಕೊನೆಯಿಂದ ಆಗಸ್ಟ್‌ವರೆಗೆ. ಆ ತಿಂಗಳುಗಳಲ್ಲಿ ಮರ ಬೆಳವಣಿಗೆಯ ಭರದಲ್ಲಿರುವುದರಿಂದ ತೊಗಟೆ ಒಳಪದರದಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಒಂದು ಮರಕ್ಕೆ ಸಾಮಾನ್ಯವಾಗಿ ಇಬ್ಬರು. ಕೊಡಲಿಯ ಮೊದಲ ಏಟು ತೊಗಟೆಯ ಆಳವಾದ ಸೀಳೊಂದನ್ನು ಹುಡುಕಿ ನೇರ ಮೇಲಿನಿಂದ ಕೆಳಗೆ. ಏಟು ಬಿದ್ದಾಗಲೇ ಅಲಗನ್ನು ತುಸು ತಿರುಚಿ ತೊಗಟೆ ಎದ್ದಿದೆಯೇ ಎಂದು ನೋಡುತ್ತಾರೆ, ಸದ್ದಿನಿಂದಲೇ ಅದು ಅವರಿಗೆ ತಿಳಿಯುತ್ತದೆ. ಟೊಳ್ಳು ಸದ್ದು ಬಂದರೆ ಸುಲಿಯಬಹುದು, ಗಟ್ಟಿಯಾದ ಒಣ ಸದ್ದು ಬಂದರೆ ಮರ ಬಿಡುವುದಿಲ್ಲ ಎಂದು ಅರ್ಥ. ಆಮೇಲೆ ಮೇಲ್ತುದಿಯಲ್ಲಿ ಅಡ್ಡಕ್ಕೆ ಉಂಗುರದಂತೆ ಕಡಿದು, ಕೊಡಲಿಯ ಹಿಡಿಯ ಬೆಣೆಯಂಥ ತುದಿಯನ್ನು ಸೀಳಿನೊಳಗೆ ತೂರಿಸಿ, ಆಳೆತ್ತರದ ಹಲಗೆಗಳನ್ನು ಒಡೆಯದಂತೆ ಇಳಿಸುತ್ತಾರೆ. ಕೊಡಲಿ ಅರ್ಧ ಸೆಂಟಿಮೀಟರ್ ಒಳಗೆ ಹೋದರೆ ಜೀವಂತ ಪದರಕ್ಕೆ ಗಾಯವಾಗಿ, ಅಲ್ಲಿ ಮುಂದೆ ಎಂದೂ ಸರಿಯಾದ ತೊಗಟೆ ಬರುವುದಿಲ್ಲ. ಮಳೆ ಬಂದರೆ ಅಥವಾ ಬಿಸಿಗಾಳಿ ಬೀಸಿದರೆ ಕೆಲಸ ನಿಲ್ಲುತ್ತದೆ. ಸುಲಿದ ಕೆಂಗಂದು ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕೆಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. 2025ರಲ್ಲಿ ಸುಲಿದ ಮರದ ಮೇಲೆ 5 ಎಂದಿರುತ್ತದೆ. ಯುರೋಪಿನ ಕೃಷಿ ಕೂಲಿಗಳಲ್ಲೇ ಅತಿ ಹೆಚ್ಚು ದಿನಗೂಲಿ ಪಡೆಯುವವರಲ್ಲಿ ಈ ಸುಲಿಯುವವರು ಸೇರುತ್ತಾರೆ. ಆದರೆ ಕೆಲಸ ವರ್ಷಕ್ಕೆ ಎರಡು ಮೂರು ತಿಂಗಳದ್ದು, ಕಲಿಯಲು ವರ್ಷಗಟ್ಟಲೆ ಬೇಕಾದದ್ದು. ಊರು ಬಿಟ್ಟು ಲಿಸ್ಬನ್ ಸೇರುವ ಯುವಕರಿಗೆ ಕೂಲಿಯ ಮೊತ್ತವೊಂದೇ ಆಕರ್ಷಣೆಯಾಗಿ ಸಾಲುತ್ತಿಲ್ಲ.

ತೊಗಟೆ ಮಾರುವ ಕ್ರಮವನ್ನು ನಮ್ಮ ಮಲೆನಾಡಿನವರು ತಕ್ಷಣ ಗುರುತು ಹಿಡಿಯುತ್ತಾರೆ. ಅಡಿಕೆ ತೋಟವನ್ನು ಚೇಣಿಗೆ ಕೊಡುವಂತೆ ಅಲ್ಲಿಯೂ ತೊಗಟೆ ಮರದ ಮೇಲಿರುವಾಗಲೇ ಮಾರುವುದುಂಟು. ಆಗ ಸುಲಿಸುವ ಖರ್ಚು, ಹೊಣೆ ಎಲ್ಲ ಕೊಂಡವನದು. ಇಲ್ಲವೇ ಮಾಲೀಕನೇ ಸುಲಿಸಿ, ರಾಶಿ ಹಾಕಿ ಮಾರುತ್ತಾನೆ. ತೂಕದ ಅಳತೆ ಇಂದಿಗೂ ‘ಅರೋಬಾ’, ಅಂದರೆ 15 ಕಿಲೋ. ಮಾರಾಟಕ್ಕೆ ಮೊದಲು ಅಲ್ಲಲ್ಲಿ ಮರಗಳಿಂದ ಅಂಗೈಯಗಲದ ಚೌಕ ತುಂಡುಗಳನ್ನು ಕತ್ತರಿಸಿ ತೆಗೆದು, ಕುದಿಸಿ, ದಪ್ಪವೆಷ್ಟು, ರಂಧ್ರಗಳೆಷ್ಟು ಎಂದು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಮಾರುವವರು ಸಾವಿರಾರು ಮಂದಿ. ಪೋರ್ಚುಗಲ್‌ನ ಕಾರ್ಕ್ ಭೂಮಿಯಲ್ಲಿ ಬಹುಪಾಲು ಖಾಸಗಿಯವರದೇ. ಕೊಳ್ಳುವವರು ಬೆರಳೆಣಿಕೆಯಷ್ಟು. ಒಂಬತ್ತು ವರ್ಷಕ್ಕೊಮ್ಮೆ ಮಾರುಕಟ್ಟೆಗೆ ಬರುವವನಿಗೂ ಪ್ರತಿ ವಾರ ಮಾರುಕಟ್ಟೆಯಲ್ಲಿರುವವನಿಗೂ ನಡೆಯುವ ಚೌಕಾಸಿಯಲ್ಲಿ ಯಾರ ಕೈ ಮೇಲು ಎಂದು ವಿವರಿಸಬೇಕಿಲ್ಲ.

ಕಾಡು ದಕ್ಷಿಣದ ಅಲೆಂಟೇಜೊದಲ್ಲಿದ್ದರೆ ಕಾರ್ಖಾನೆಗಳು ಇರುವುದು ಉತ್ತರದಲ್ಲಿ, ಪೋರ್ಟೊ ನಗರದ ಕೆಳಗಿನ ಸಾಂತಾ ಮರಿಯಾ ದ ಫೇರಾ ಎಂಬ ತಾಲ್ಲೂಕಿನಷ್ಟು ಪ್ರದೇಶದಲ್ಲಿ. ಒಂದು ಕಾಲದಲ್ಲಿ ಕಾಡಿನ ಮಗ್ಗುಲಲ್ಲೂ ಲಿಸ್ಬನ್‌ನ ನದಿಯಾಚೆಯ ದಡದಲ್ಲೂ ಬ್ರಿಟಿಷ್, ಕತಲಾನ್, ಅಮೆರಿಕನ್ ಬಂಡವಾಳದ ದೊಡ್ಡ ಕಾರ್ಖಾನೆಗಳಿದ್ದವು. ಸೆಯ್ಶಾಲ್‌ನ ಮುಂಡೆಟ್ 1988ರಲ್ಲಿ ಮುಚ್ಚಿತು, ಪೋರ್ಟಲೇಗ್ರೆಯ ರಾಬಿನ್ಸನ್ ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ದಿವಾಳಿಯಾಯಿತು. ಉಳಿದು ಬೆಳೆದದ್ದು ಪೋರ್ಟ್ ವೈನ್ ವ್ಯಾಪಾರಕ್ಕೆ ಬಿರಡೆ ಒದಗಿಸುತ್ತಿದ್ದ ಉತ್ತರದ ಕುಟುಂಬಗಳ ಉದ್ದಿಮೆ. ಅವುಗಳಲ್ಲಿ 1870ರಲ್ಲಿ ಶುರುವಾದ ಅಮೊರಿಂ ಮನೆತನದ ಸಂಸ್ಥೆ ಇಂದು ಜಗತ್ತಿನ ಅತಿ ದೊಡ್ಡ ಕಾರ್ಕ್ ಕಂಪನಿ. ವರ್ಷಕ್ಕೆ 500 ಕೋಟಿಗೂ ಹೆಚ್ಚು ಬಿರಡೆ ಮಾರುತ್ತದೆ.

ಈ ಕಂಪನಿಯ ಏಳಿಗೆಯ ಗುಟ್ಟು ತಿಳಿಯಲು ಬಿರಡೆ ತಯಾರಾಗುವ ಬಗೆಯನ್ನು ನೋಡಬೇಕು. ಹಲಗೆಗಳನ್ನು ಸುಮಾರು ಆರು ತಿಂಗಳು ಬಯಲಲ್ಲಿ ಒಣಗಿಸಿ, ಕುದಿಯುವ ನೀರಿನಲ್ಲಿ ಗಂಟೆಯಷ್ಟು ಹೊತ್ತು ಮುಳುಗಿಸಿ ಚಪ್ಪಟೆ ಮಾಡುತ್ತಾರೆ. ಆಮೇಲೆ ಹಲಗೆಯನ್ನು ಪಟ್ಟಿಗಳಾಗಿ ಕತ್ತರಿಸಿ, 24 ಮಿಲಿಮೀಟರ್ ವ್ಯಾಸದ ಟೊಳ್ಳು ಚೂರಿಯಿಂದ ಒಂದೊಂದೇ ಬಿರಡೆ ಕೊರೆಯುತ್ತಾರೆ. ಉತ್ತಮ ದರ್ಜೆಯದನ್ನು ಇಂದಿಗೂ ಮನುಷ್ಯರೇ ಕೊರೆಯುವುದುಂಟು: ಕೈಯಲ್ಲಿ ಪಟ್ಟಿ ಹಿಡಿದು, ರಂಧ್ರ, ಗಂಟುಗಳನ್ನು ತಪ್ಪಿಸಿ, ಕಾಲಿನ ಪೆಡಲ್ ಒತ್ತಿ. ಬಾಟಲಿಯ ಕತ್ತಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 24 ಮಿಲಿಮೀಟರ್‌ನ ಬಿರಡೆ ಅದರೊಳಗೆ ಹಿಂಡಿಕೊಂಡು ಕೂತು, ಗಾಳಿ ತುಂಬಿದ ಕೋಟ್ಯಂತರ ಕೋಶಗಳ ಒತ್ತಡದಿಂದ ಗಾಜಿಗೆ ಅಂಟಿಕೊಳ್ಳುತ್ತದೆ. ಈ ಗಾತ್ರದ ಬಿರಡೆ ಕೊರೆಯಲು ಹಲಗೆಗೆ ಸುಮಾರು 27 ಮಿಲಿಮೀಟರ್ ದಪ್ಪ ಬೇಕು. ಒಳ್ಳೆಯ ಹಲಗೆಯ ತೂಕದಲ್ಲಿ ಬಿರಡೆಯಾಗುವುದು ಸುಮಾರು ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ತೂತುಬಿದ್ದ ಜಾಲರಿ, ಚೂರು, ಪುಡಿ.

ಅಮೊರಿಂ 1963ರಲ್ಲಿ ಸ್ಥಾಪಿಸಿದ ಹೊಸ ಕಂಪನಿ ಈ ಮುಕ್ಕಾಲು ಭಾಗಕ್ಕಾಗಿಯೇ ಹುಟ್ಟಿದ್ದು. ಚೂರನ್ನು ಅರೆದು ತರಿ ಮಾಡಿ, ಹೆಚ್ಚಾಗಿ ಅಂಟು ಸೇರಿಸಿ, ಒತ್ತಿದರೆ ನೆಲಹಾಸು, ಶಾಖನಿರೋಧಕ ಹಲಗೆ, ಚಪ್ಪಲಿಯ ಅಟ್ಟೆ, ರಾಕೆಟ್‌ನ ಉಷ್ಣಕವಚ, ಮತ್ತು ಅದೇ ತರಿಯಿಂದಲೇ ಅಗ್ಗದ ಬಿರಡೆ. ಪುಡಿಯನ್ನು ಬಾಯ್ಲರ್‌ಗೆ ಉರುವಲಾಗಿ ಹಾಕಿ ಹಲಗೆ ಕುದಿಸುತ್ತಾರೆ. ಕಸವೆಂದು ಎಸೆಯುತ್ತಿದ್ದುದನ್ನು ಯಾರು ಮೊದಲು ಲಾಭಕ್ಕೆ ತಿರುಗಿಸಿದರೋ ಅವರು ಒಳ್ಳೆಯ ಹಲಗೆಗೆ ಪೈಪೋಟಿಯಲ್ಲಿ ಹೆಚ್ಚು ಬೆಲೆ ಕೊಡಬಲ್ಲರು. ಉಳಿದ ಸಣ್ಣ ಕಾರ್ಖಾನೆಗಳು ತಮ್ಮ ಚೂರನ್ನೂ ಅವರಿಗೇ ಮಾರಬೇಕಾಗುತ್ತದೆ. ಅಮೊರಿಂನ ಮೇಲುಗೈ ಹುಟ್ಟಿದ್ದು ಕಾಡನ್ನು ಕೊಂಡದ್ದರಿಂದಲ್ಲ, ಕಸವನ್ನು ಕೊಂಡದ್ದರಿಂದ.

ಇಷ್ಟಾದರೂ ಹಣದ ಮೂಲ ಬಿರಡೆಯೇ ಆಗಿ ಉಳಿಯಿತು. ಪೋರ್ಚುಗಲ್‌ನ ಕಾರ್ಕ್ ರಫ್ತಿನ ಮೌಲ್ಯದಲ್ಲಿ ಎಲ್ಲ ಬಗೆಯ ಬಿರಡೆಗಳ ಪಾಲು ಇಂದಿಗೂ ಮುಕ್ಕಾಲು ಭಾಗದ ಹತ್ತಿರವಿದೆ. ಅದಕ್ಕೇ 1990ರ ದಶಕದ ಪೆಟ್ಟು ಅಷ್ಟು ಜೋರಾಗಿ ಬಿದ್ದದ್ದು. ವೈನ್‌ಗೆ ಒದ್ದೆ ಗೋಣಿಯ, ಮುಗ್ಗಲು ರಟ್ಟಿನ ವಾಸನೆ ಬರಿಸುವ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕವನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಗುರುತಿಸಿದ್ದರು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಹತ್ತುವ ವಸ್ತು ಅದು. ಗಿರಾಕಿಗಳ ದೂರನ್ನು ಕಾರ್ಕ್ ಉದ್ಯಮ ವರ್ಷಗಟ್ಟಲೆ ಉಡಾಫೆಯಿಂದ ಕಂಡಿತು. ಬೇಸತ್ತ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ವೈನ್ ತಯಾರಕರು 2000ದಲ್ಲಿ ಒಟ್ಟಾಗಿ ತಿರುಪು ಮುಚ್ಚಳಕ್ಕೆ ಹೋದರು. ಮರುವರ್ಷ ನ್ಯೂಜಿಲೆಂಡಿನವರು ಅದೇ ಹಾದಿ ಹಿಡಿದರು. ಪ್ಲಾಸ್ಟಿಕ್ ಬಿರಡೆಗಳೂ ಬಂದವು. 2006ರಲ್ಲಿ ಪರಿಸರ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ, ಹೀಗೇ ನಡೆದರೆ 2015ರ ಹೊತ್ತಿಗೆ ವೈನ್ ಬಾಟಲಿಗಳಲ್ಲಿ ಶೇ 95ರಷ್ಟು ಕಾರ್ಕ್ ಇಲ್ಲದವಾಗಿ, ಹತ್ತು ವರ್ಷದಲ್ಲಿ ಪಶ್ಚಿಮ ಮೆಡಿಟರೇನಿಯನ್ನಿನ ಕಾರ್ಕ್ ಕಾಡಿನ ಮುಕ್ಕಾಲು ಭಾಗ ಹೋಗಬಹುದು ಎಂದು ಎಚ್ಚರಿಸಿತು.

ಹಾಗಾಗಲಿಲ್ಲ. ಉದ್ಯಮದ ಸ್ವಂತ ಅಂದಾಜಿನಂತೆ ಇಂದು ಹತ್ತು ವೈನ್ ಬಾಟಲಿಗಳಲ್ಲಿ ಏಳಕ್ಕೆ ಯಾವುದೋ ಒಂದು ಬಗೆಯ ಕಾರ್ಕ್ ಬಿರಡೆಯೇ ಇದೆ. ಇದಕ್ಕೆ ಪರಿಸರಪ್ರೇಮವೇ ಕಾರಣವೆಂದು ಉದ್ಯಮದ ಜಾಹೀರಾತುಗಳು ಹೇಳುತ್ತವೆ, ಅದನ್ನು ಪೂರ್ತಿ ನಂಬಬೇಕಾಗಿಲ್ಲ. ಮುಖ್ಯ ಕಾರಣ ತಂತ್ರಜ್ಞಾನ. ಕ್ಲೋರಿನ್‌ನಿಂದ ಬಿಳುಪು ಮಾಡುವುದನ್ನು ಬಿಟ್ಟರು; ನೆಲಕ್ಕೆ ತಾಗಿದ ತೊಗಟೆಯ ಬುಡವನ್ನು ಬೇರೆ ಮಾಡಿದರು; ಕುದಿಸುವ ನೀರನ್ನು ಮತ್ತೆಮತ್ತೆ ಬದಲಿಸತೊಡಗಿದರು. ಅತಿ ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದ ತರಿಯನ್ನು ತೊಳೆದು ವಾಸನೆ ತೆಗೆಯುವ ವಿಧಾನವನ್ನು ಫ್ರೆಂಚ್ ಕಂಪನಿಯೊಂದು ರೂಢಿಗೆ ತಂದಿತು. 2016ರಿಂದ ಅಮೊರಿಂ ಅಖಂಡ ಬಿರಡೆಗಳನ್ನು ಒಂದೊಂದಾಗಿ ಯಂತ್ರದಲ್ಲಿ ಮೂಸಿ ನೋಡಿ ಬೇರ್ಪಡಿಸುವ ಸೇವೆ ಮಾರುತ್ತಿದೆ. ಇದರ ಜೊತೆಗೆ ಚೀನಾದ ಶ್ರೀಮಂತ ಗಿರಾಕಿಗಳು ಕಾರ್ಕ್ ಇರುವ ಬಾಟಲಿಯನ್ನೇ ಬಯಸಿದರು. ಆಸ್ಟ್ರೇಲಿಯಾದ ತಯಾರಕರೂ ಆ ಮಾರುಕಟ್ಟೆಗೆ ಕಳಿಸುವ ಬಾಟಲಿಗೆ ಮತ್ತೆ ಕಾರ್ಕ್ ಹಾಕತೊಡಗಿದರು. ಇಟಲಿಯ ಪ್ರೊಸೆಕೊ ಜಗತ್ತಿನಾದ್ಯಂತ ಹರಿಯಿತು; ನೊರೆಯೇಳುವ ವೈನ್‌ನ ಒತ್ತಡ ತಡೆಯಲು ತಿರುಪು ಮುಚ್ಚಳ ಸಾಲದು, ತರಿಯಿಂದ ಒತ್ತಿ ಮಾಡಿದ ದಪ್ಪ ಬಿರಡೆಯೇ ಬೇಕು.

ಸಮಸ್ಯೆ ಶುರುವಾಗುವುದು ಈ ಗೆಲುವಿನ ಒಳಗೇ. ಹತ್ತರಲ್ಲಿ ಏಳು ಎಂಬ ಲೆಕ್ಕದಲ್ಲಿ ಅಖಂಡ ಬಿರಡೆಯೂ ತರಿ ಬಿರಡೆಯೂ ಒಟ್ಟಿಗೆ ಕೂತಿವೆ. ಮೊದಲಿನದಕ್ಕೆ 43 ವರ್ಷದ ಮರ, 27 ಮಿಲಿಮೀಟರ್ ದಪ್ಪ, ರಂಧ್ರವಿಲ್ಲದ ಹಲಗೆ ಬೇಕು. ಅತ್ಯುತ್ತಮ ದರ್ಜೆಯದಕ್ಕೆ 1 ಯೂರೋಗಿಂತ ಹೆಚ್ಚು ಬೆಲೆಯೂ ಸಿಗುತ್ತದೆ. ಎರಡನೆಯದು ಕೆಲವು ಸೆಂಟ್‌ಗಳಿಗೆ ಸಿಗುತ್ತದೆ, ಮತ್ತು ಅದಕ್ಕೆ ಕಳಪೆ ತೊಗಟೆಯೂ ಆದೀತು: ಮೊದಲ ಸುಲಿತದ್ದು, ತೆಳ್ಳಗಿನದು. ಮೂವತ್ತು ವರ್ಷದ ಹಿಂದೆ ತರಿ ಬಿರಡೆ ಅಗ್ಗದ ವೈನ್‌ನ ಗುರುತಾಗಿತ್ತು. ತರಿಯನ್ನು ತೊಳೆದು ಶುದ್ಧ ಮಾಡುವುದು ಸಾಧ್ಯವಾದ ಮೇಲೆ ಅದು ಅಖಂಡ ಬಿರಡೆಗಿಂತ ನಂಬಿಕಸ್ತ ಎನಿಸಿಕೊಂಡು, ಫ್ರಾನ್ಸಿನ ಒಳ್ಳೆಯ ಬರ್ಗಂಡಿ ವೈನ್‌ಗಳ ಬಾಟಲಿಗೂ ಏರಿದೆ. ಕಾರ್ಖಾನೆಗೆ ಇದು ಸಂತೋಷದ ಸಂಗತಿ. ಪ್ರತಿ ಬಿರಡೆಯೂ ಒಂದೇ ಅಳತೆ, ಒಂದೇ ಗುಣ, ಕೊಳ್ಳುವ ತೊಗಟೆಯಲ್ಲಿ ಹಾಳಾಗುವುದು ಏನೂ ಇಲ್ಲ.

ಮರದ ಮಾಲೀಕನಿಗೆ? ಇಲ್ಲಿ ಎರಡು ಮಾತು ಹೇಳಬೇಕು. ಕಳಪೆ ತೊಗಟೆಗೆ ಬೇಡಿಕೆ ಬಂದರೆ ಗುಡ್ಡಗಾಡಿನ ಒಣನೆಲದಲ್ಲಿ ತೆಳು ತೊಗಟೆ ಬೆಳೆಯುವ ಸಣ್ಣ ರೈತನಿಗೆ ಲಾಭವೇ. ಆದರೆ ಒಳ್ಳೆಯ ಹಲಗೆಗೂ ಕಳಪೆ ಹಲಗೆಗೂ ನಡುವಿನ ಬೆಲೆಯ ಅಂತರವೇ ಈವರೆಗೆ ಮಾಲೀಕನನ್ನು ಕಾಯಿಸಿದ್ದು. ಕೊಡಲಿ ಒಳಪದರಕ್ಕೆ ತಾಗದಂತೆ ನೋಡಿಕೊಳ್ಳುವ, ದುಬಾರಿ ಕೂಲಿಯವನನ್ನೇ ಕರೆಸುವ, ಬೇರಿಗೆ ಪೆಟ್ಟಾಗದಂತೆ ಮರದ ಬುಡದಲ್ಲಿ ನೇಗಿಲು ಹೊಡೆಸದಿರುವ ಎಚ್ಚರವೆಲ್ಲ ಆ ಅಂತರದಿಂದ ಬಂದದ್ದು. ತೂಕಕ್ಕೆ ಮಾತ್ರ ಬೆಲೆ ಎಂದಾದರೆ ಆ ಎಚ್ಚರಕ್ಕೆ ಯಾರೂ ದುಡ್ಡು ಕೊಟ್ಟಂತಾಗುವುದಿಲ್ಲ. 1929ರಲ್ಲಿ ಶುರುವಾದ ಸರ್ಕಾರದ ಗೋಧಿ ಅಭಿಯಾನದ ಕಾಲದಲ್ಲಿ ಅಲೆಂಟೇಜೊದ ಮರಗಳ ನಡುವೆ ಆಳವಾಗಿ ಉತ್ತಿದ್ದರ ಫಲವನ್ನು ಆ ನೆಲ ದಶಕಗಳವರೆಗೆ ಉಂಡಿದೆ. ಮೇಲ್ಮಣ್ಣು ಕೊಚ್ಚಿಹೋಗಿ, ಬೇರು ಗಾಯಗೊಂಡು, ಮರಗಳು ಸೊರಗಿದವು. ಬೆಲೆಯ ಸೂಚನೆ ತಪ್ಪಿದರೆ ಕಾರ್ಕ್ ಕಾಡಿನಲ್ಲಿ ಅದರ ಪರಿಣಾಮ ಕಾಣಿಸಿಕೊಳ್ಳುವುದು ಒಂದು ತಲೆಮಾರಿನ ನಂತರ.

ಈ ನಡುವೆ ವೈನ್ ಕುಡಿಯುವುದೇ ಕಡಿಮೆಯಾಗುತ್ತಿದೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ವೈನ್ ಬಳಕೆ ಸುಮಾರು 2,140 ಕೋಟಿ ಲೀಟರ್. 1961ರ ನಂತರದ ಅತಿ ಕಡಿಮೆ ಮಟ್ಟ. ಫ್ರಾನ್ಸಿನಲ್ಲಿ ದ್ರಾಕ್ಷಿ ಬಳ್ಳಿ ಕೀಳಲು ಸರ್ಕಾರವೇ ಹಣ ಕೊಡುತ್ತಿದೆ. ಪೋರ್ಚುಗಲ್‌ನ ಕಾರ್ಕ್ ರಫ್ತು 2023ರಲ್ಲಿ 120 ಕೋಟಿ ಯೂರೋ ದಾಟಿ 2024ರಲ್ಲಿ ಇಳಿಯಿತು. 2022ರಲ್ಲಿ ಮೊದಲ ಬಾರಿಗೆ 100 ಕೋಟಿ ಯೂರೋ ವಹಿವಾಟು ಮುಟ್ಟಿದ ಅಮೊರಿಂನದೂ ಮುಂದಿನ ಎರಡು ವರ್ಷ ಇಳಿಕೆಯ ಲೆಕ್ಕವೇ. ವ್ಯಂಗ್ಯವೆಂದರೆ ಬೇಡಿಕೆ ಕುಗ್ಗುವ ಹೊತ್ತಿನಲ್ಲೇ ಒಳ್ಳೆಯ ತೊಗಟೆಯ ಪೂರೈಕೆಯೂ ಕುಗ್ಗುತ್ತಿದೆ. ಸತತ ಬರದಿಂದ ತೊಗಟೆ ತೆಳುವಾಗುತ್ತಿದೆ, ಬೇರುಕೊಳೆ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ದಕ್ಷಿಣ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಮರಗಳನ್ನು ಒಣಗಿಸುತ್ತಿದೆ, ಮುದಿಮರ ಸತ್ತ ಜಾಗದಲ್ಲಿ ಎಳೆಮರ ಏಳುತ್ತಿಲ್ಲ. 2012ರ ಜುಲೈನಲ್ಲಿ ಅಲ್ಗಾರ್ವ್ ಪ್ರಾಂತ್ಯದ ಕಾಲ್ದೇರಾಂವ್ ಬೆಟ್ಟಸಾಲಿನಲ್ಲಿ ಹತ್ತಿದ ಬೆಂಕಿ 20,000 ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತು. ದಪ್ಪ ತೊಗಟೆ ಹೊತ್ತ ಮರ ಬೆಂಕಿಯನ್ನು ತಡೆದುಕೊಂಡು ಮತ್ತೆ ಚಿಗುರುತ್ತದೆ. ಆಗಷ್ಟೇ ಸುಲಿಸಿಕೊಂಡು ನಿಂತ ಮರಕ್ಕೆ ಆ ಭಾಗ್ಯವಿಲ್ಲ.

ಉತ್ತರ ಆಫ್ರಿಕದ ಕಥೆ ಬೇರೆ. ಮೊರಾಕೊ, ಅಲ್ಜೀರಿಯಾ, ಟುನೀಸಿಯಾಗಳಲ್ಲಿ ಕಾರ್ಕ್ ಕಾಡು ಬಹುಪಾಲು ಸರ್ಕಾರದ ಸ್ವತ್ತು; ಸುತ್ತಲಿನ ಹಳ್ಳಿಯವರಿಗೆ ತೊಗಟೆಯ ಹಣದಲ್ಲಿ ಪಾಲು ಕಡಿಮೆ, ಮೇವು, ಸೌದೆ, ಓಕ್ ಕಾಯಿಗಳೇ ಅವರ ಆಸರೆ. ರಬಾತ್ ಬಳಿಯ ಮಾಮೋರಾ ಕಾಡಿನಲ್ಲಿ ಕಾಯಿ ಆಯ್ದು ಮಾರುವುದರಿಂದ, ಕುರಿ ಮೇಯುವುದರಿಂದ ಹೊಸ ಸಸಿ ಏಳುವುದು ಕಷ್ಟವಾಗಿದೆ. ಅಲ್ಜೀರಿಯಾದಲ್ಲಿ 1990ರ ದಶಕದ ಅಂತರ್ಯುದ್ಧ ಕಾಡನ್ನು ಕೈಬಿಡುವಂತೆ ಮಾಡಿತು. ಈ ದೇಶಗಳಲ್ಲಿ ಸುಲಿದದ್ದರಲ್ಲಿ ಒಳ್ಳೆಯ ಭಾಗ ಕಚ್ಚಾಮಾಲಾಗಿ ಪೋರ್ಚುಗಲ್‌ಗೆ ಹೋಗಿ, ಲಾಭವೆಲ್ಲ ಅಲ್ಲಿಯೇ ಸೇರಿಕೊಳ್ಳುತ್ತದೆ. ಸ್ಪೇನ್‌ನ ಎಸ್ತ್ರೆಮಾದೂರಾ ಸೀಮೆಯ ಹಲಗೆಗಳಿಗೂ ಗಡಿ ದಾಟುವುದೇ ವಾಡಿಕೆ.

ವೈನ್‌ನಿಂದಾಚೆ ಕಾರ್ಕ್‌ಗೆ ದಾರಿಯಿಲ್ಲವೇ ಎಂದರೆ ಇದೆ, ಆದರೆ ಅದು ತರಿಯ ದಾರಿ. ಕಟ್ಟಡಗಳ ಶಾಖನಿರೋಧಕ ಹಲಗೆ, ಕೃತಕ ಹುಲ್ಲಿನ ಆಟದ ಮೈದಾನಗಳಿಗೆ ರಬ್ಬರ್ ತರಿಯ ಬದಲಿಗೆ ಕಾರ್ಕ್ ತರಿ, ವಿದ್ಯುತ್ ವಾಹನಗಳ ಬ್ಯಾಟರಿ ನಡುವಿನ ಪದರ, ಹೀಗೆ ಪಟ್ಟಿ ಬೆಳೆಯುತ್ತಿದೆ. ನಮಗೂ ಕಾರ್ಕ್‌ಗೂ ಇರುವ ನಂಟು ಹೆಚ್ಚಾಗಿ ಈ ಕಡೆಯಿಂದಲೇ: ಚರ್ಮದ ಕ್ರಿಕೆಟ್ ಚೆಂಡಿನ ಒಳತಿರುಳು, ಶಟಲ್‌ಕಾಕ್‌ನ ತಲೆ. ನಮ್ಮ ಬೀದಿಬದಿಯ ಆಕಾಶಮಲ್ಲಿಗೆಯ ಮೆತ್ತನೆಯ ತೊಗಟೆಯನ್ನು ಬಿರಡೆಗೆ ಬಳಸುತ್ತಿದ್ದುದುಂಟು, ಆದರೆ ಅದು ಬೇರೆ ಜಾತಿ, ಗುಣದಲ್ಲಿ ಕಾರ್ಕ್ ಓಕ್‌ನ ಹತ್ತಿರವೂ ಬರದು. 2007ರ ದ್ರಾಕ್ಷಾರಸ ನೀತಿಯ ನಂತರ ನಂದಿ ತಪ್ಪಲಲ್ಲೂ ಕೃಷ್ಣಾ ಕಣಿವೆಯಲ್ಲೂ ಬೆಳೆದ ಕರ್ನಾಟಕದ ವೈನ್ ಉದ್ದಿಮೆಗೆ ಬಿರಡೆ ಎಂದರೆ ಆಮದು. ತಯಾರಾದ ಒಂದೆರಡು ವರ್ಷದಲ್ಲೇ ಕುಡಿದು ಮುಗಿಯುವ ವೈನ್‌ಗೆ ತಿರುಪು ಮುಚ್ಚಳವೇ ಸಾಕು, ಬಿಸಿಲ ನಾಡಿನಲ್ಲಿ ಬಾಟಲಿಯನ್ನು ನಿಲ್ಲಿಸಿಟ್ಟರೂ ಕಾರ್ಕ್‌ನಂತೆ ಒಣಗುವ ಭಯ ಅದಕ್ಕಿಲ್ಲ.

ಉದ್ಯಮ ಈಗ ಹುಡುಕಿಕೊಂಡಿರುವ ಪರಿಹಾರ ಹನಿ ನೀರಾವರಿ. ಎಳೆಮರಕ್ಕೆ ಮೊದಲ ಕೆಲವು ವರ್ಷ ನೀರು ಕೊಟ್ಟರೆ ಮೊದಲ ಸುಲಿತವನ್ನು 25ರ ಬದಲು ಹತ್ತನೇ ವರ್ಷದ ಆಸುಪಾಸಿಗೆ ತರಬಹುದು ಎಂದು ಅಲೆಂಟೇಜೊದ ಪ್ರಯೋಗಗಳು ತೋರಿಸಿವೆ. ಹಾಗಾದರೆ ಬಿರಡೆಯ ಬೆಳೆ 28ನೇ ವರ್ಷಕ್ಕೆ. ಅದೇ ಶೇ 4ರ ಲೆಕ್ಕದಲ್ಲಿ 5.4 ಯೂರೋ ಇದ್ದದ್ದು 3 ಯೂರೋಗೆ ಇಳಿಯುತ್ತದೆ. ವ್ಯತ್ಯಾಸ ಸಣ್ಣದಲ್ಲ. ಆದರೆ ನೀರೆಲ್ಲಿಂದ? 2002ರಲ್ಲಿ ಅಲೆಂಟೇಜೊದಲ್ಲಿ ತುಂಬತೊಡಗಿದ ಅಲ್ಕೇವಾ ಜಲಾಶಯದ ನೀರು ಹರಿದಲ್ಲೆಲ್ಲ ಸಾಲುಸಾಲು ಒತ್ತು ನಾಟಿಯ ಆಲಿವ್, ಬಾದಾಮಿ ತೋಟಗಳೆದ್ದಿವೆ. ಆಲಿವ್ ಮೂರು ನಾಲ್ಕನೇ ವರ್ಷಕ್ಕೇ ಫಸಲು ಕೊಡುತ್ತದೆ. ನೀರಿರುವ ಜಮೀನಿನವನು 28 ವರ್ಷ ಕಾಯಬೇಕು ಏಕೆ? ಇರುವ ಕಾರ್ಕ್ ಮರವನ್ನು ಅನುಮತಿಯಿಲ್ಲದೆ ಕಡಿಯಬಾರದೆಂದು 2001ರ ಕಾನೂನು ಕಟ್ಟಪ್ಪಣೆ ಮಾಡುತ್ತದೆ, 2011ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ವೃಕ್ಷವೆಂದೂ ಸಾರಿತು. ಕಡಿಯಬೇಡ ಎನ್ನಬಲ್ಲ ಕಾನೂನು ನೆಡು ಎನ್ನಲಾರದು. ಕಡಿಯಲಾಗದ ಮರವನ್ನು ನೆಡುವುದೆಂದರೆ ಆ ಭೂಮಿಯನ್ನು ಮೊಮ್ಮಕ್ಕಳ ಕಾಲಕ್ಕೂ ಒಂದೇ ಬೆಳೆಗೆ ಅಡವಿಟ್ಟಂತೆ ಎಂದು ಎಣಿಸುವ ಮಾಲೀಕರ ಅಂಜಿಕೆ ಅಸಹಜವೇನಲ್ಲ.

ಹೀಗಾಗಿ ಕಾಯುವ ಶಕ್ತಿ ಇರುವವರು ಎರಡೇ ಬಗೆಯವರು. ಒಬ್ಬರು, ಕಚ್ಚಾಮಾಲು ಕೈತಪ್ಪೀತೆಂಬ ಆತಂಕದಿಂದ ಈಗ ತಾವೇ ಎಸ್ಟೇಟುಗಳನ್ನು ಕೊಂಡು ನೆಡುತ್ತಿರುವ ಕಾರ್ಖಾನೆಯವರು. ಇನ್ನೊಬ್ಬರು ಸರ್ಕಾರದ ಸಹಾಯಧನ ಪಡೆದವರು. ಯುರೋಪಿಯನ್ ಸಮುದಾಯ 1992ರಲ್ಲಿ ಕೃಷಿಭೂಮಿಯಲ್ಲಿ ಕಾಡು ಬೆಳೆಸಲು ಹಣ ಕೊಡುವ ನಿಯಮ ತಂದಾಗ ಪೋರ್ಚುಗಲ್‌ನ ಬಹಳಷ್ಟು ರೈತರು ಕಾರ್ಕ್ ಓಕ್ ನೆಟ್ಟರು. ಆ ಮರಗಳು ಈಗೀಗ 25 ದಾಟಿ ಮೊದಲ ಸುಲಿತದ ಒರಟು ತೊಗಟೆ ಕೊಡುತ್ತಿವೆ. ಅದು ನೇರ ತರಿಯ ಯಂತ್ರಕ್ಕೆ ಹೋಗುತ್ತದೆ. ಬಿರಡೆ ಕೊರೆಯಬಹುದಾದ ಹಲಗೆ ಅವುಗಳಿಂದ ಬರುವುದು 2030ರ ದಶಕದ ಕೊನೆಗೆ ಅಥವಾ ಅದರಾಚೆಗೆ. ಅಷ್ಟರಲ್ಲಿ ಅಖಂಡ ಬಿರಡೆಗೆ ಪ್ರತ್ಯೇಕ ಬೆಲೆ ಕೊಡುವ ಗಿರಾಕಿ ಉಳಿದಿದ್ದರೆ ಆ ರೈತರು ಗೆದ್ದಂತೆ. ಇಲ್ಲವಾದರೆ ಅವರ ಅಮಾಡಿಯಾವನ್ನೂ ಅರೋಬಾ ಲೆಕ್ಕದಲ್ಲಿ ತೂಗಿ ಅದೇ ಯಂತ್ರಕ್ಕೆ ಸುರಿಯುತ್ತಾರೆ.